ಚಳಿಯಲ್ಲಿ ನಾಲ್ಕು ಸಲ ಒಂದಕ್ಕೆ, ಅರಸೀಕೆರೆ ಬಿಸಿಲಲ್ಲಿ ಒಂದೇ ಸಲ. ಈ ಲೆಕ್ಕ ಯಾರು ಇಡುತ್ತಾರೆ?

ಮೂರೆಕರೆ ಕಾಫಿ (ಮೂಡಿಗೆರೆ):

ಸ್ವಲ್ಪ ನಾಚಿಕೆಯ ಪ್ರಶ್ನೆ. ಇಲ್ಲಿ ನನ್ನ ಮುಖ ಯಾರಿಗೂ ಕಾಣುವುದಿಲ್ಲ ಅಲ್ವಾ, ಕೇಳಿಯೇ ಬಿಡುತ್ತೇನೆ.

ನಮ್ಮದು ಮೂಡಿಗೆರೆ ತಾಲ್ಲೂಕಿನಲ್ಲಿ ಮೂರು ಎಕರೆ ತೋಟ. ಈಗ ಅರೇಬಿಕಾ ಕುಯ್ಲು ನಡೆಯುತ್ತಿದೆ. ಬೆಳಿಗ್ಗೆ ಏಳಕ್ಕೆ ತೋಟಕ್ಕೆ ಇಳಿದರೆ ಗಿಡದ ಇಬ್ಬನಿಗೆ ಪ್ಯಾಂಟು ಮೊಣಕಾಲಿನವರೆಗೂ ಒದ್ದೆ. ಮೊಬೈಲು 13 ಡಿಗ್ರಿ ತೋರಿಸುತ್ತದೆ. ನಾನು ಕುಡಿದಿರುವುದು ಒಂದೇ ಲೋಟ ಕಾಫಿ. ಆದರೂ ಹತ್ತು ಗಂಟೆಯೊಳಗೆ ನಾಲ್ಕು ಸಲ ಸಿಲ್ವರ್ ಮರದ ಹಿಂದೆ ಹೋಗಿ ಬಂದಿರುತ್ತೇನೆ. ಹಣ್ಣು ಕುಯ್ಯುವ ಹೆಂಗಸರು ಒಬ್ಬರನ್ನೊಬ್ಬರು ನೋಡಿ ನಗುತ್ತಾರೆ. ಮನೆಯವಳು "ನಿಮಗೆ ಸಕ್ಕರೆ ಬಂದಿದೆ, ಟೆಸ್ಟ್ ಮಾಡಿಸಿ" ಎಂದು ಎರಡು ವಾರ ಕಾಡಿದಳು. ಮಾಡಿಸಿದೆ. ಖಾಲಿ ಹೊಟ್ಟೆಯಲ್ಲಿ 92. ಏನೂ ಇಲ್ಲ.

ಈಗ ಇನ್ನೊಂದು ಕಡೆ ನೋಡಿ. ಏಪ್ರಿಲ್‌ನಲ್ಲಿ ಅಕ್ಕನ ಊರಿಗೆ ಹೋಗಿದ್ದೆ, ಅರಸೀಕೆರೆ ಹತ್ತಿರ. ತೆಂಗಿನಕಾಯಿ ಕೆಡವಿಸುತ್ತಿದ್ದರು, ಸುಮ್ನೆ ಕೂರಲು ಆಗದೆ ನಾನೂ ಕಾಯಿ ಹೆಕ್ಕಿ ರಾಶಿ ಹಾಕಿದೆ. ಹೊರಗೆ 38 ಡಿಗ್ರಿ. ಮೂರು ಚೊಂಬು ನೀರು, ಎರಡು ಲೋಟ ಮಜ್ಜಿಗೆ, ಎರಡು ಎಳನೀರು ಒಳಗೆ ಹೋಯಿತು. ಒಂದಕ್ಕೆ ಹೋಗಿದ್ದು ಸಂಜೆ, ಒಂದೇ ಸಲ. ಅದೂ ಸ್ವಲ್ಪ, ಅರಿಸಿನದ ನೀರಿನ ಹಾಗೆ.

ಕುಡಿಯದಿದ್ದಾಗ ಹೊರಗೆ ಹಾಕುತ್ತದೆ, ಕುಡಿದಾಗ ಇಟ್ಟುಕೊಳ್ಳುತ್ತದೆ. ಇದು ಯಾವ ನ್ಯಾಯ?

ಕೊರೊನಾ ಕಾಲದಲ್ಲಿ ತಂದ ಥರ್ಮಾಮೀಟರ್ ನನ್ನ ಬ್ಯಾಗಿನಲ್ಲಿ ಇದ್ದೇ ಇರುತ್ತದೆ. ತೋಟದ ಚಳಿಯಲ್ಲಿ ಇಟ್ಟರೆ 97.4, ಅರಸೀಕೆರೆ ಮಧ್ಯಾಹ್ನ ಇಟ್ಟರೆ 98.6. ಹೊರಗೆ 25 ಡಿಗ್ರಿ ವ್ಯತ್ಯಾಸ ಇದ್ದರೆ ಒಳಗೆ ಸೆಲ್ಸಿಯಸ್ ಲೆಕ್ಕದಲ್ಲಿ ಒಂದು ಡಿಗ್ರಿಯೂ ಇಲ್ಲ. (ಒಂದು ದಿನ ಬಿಸಿ ಕಾಫಿ ಕುಡಿದ ಬಾಯಿಗೇ ಇಟ್ಟು 101 ತೋರಿಸಿದ್ದೂ ಉಂಟು. ಅದನ್ನು ಬಿಡಿ.)

ಇನ್ನೂ ಒಂದಿದೆ. ಮಳೆಗಾಲದಲ್ಲಿ ಜ್ವರ ಬಂದಾಗ ಇದೇ ಥರ್ಮಾಮೀಟರ್ 102.6 ತೋರಿಸಿತು. ಮೈ ಮುಟ್ಟಿದರೆ ಕಾದ ಹೆಂಚು. ನನಗೆ ಮಾತ್ರ ಹಲ್ಲು ಕಟಕಟ, ಎರಡು ಕಂಬಳಿ ಸಾಲದೆ ಮೇಲೊಂದು ರಗ್ಗು. ಬಿಸಿ ಆದವನಿಗೆ ಸೆಕೆ ಆಗಬೇಕಲ್ಲ, ಚಳಿ ಯಾಕೆ? ಅಮ್ಮನನ್ನು ಕೇಳಿದರೆ ಎಲ್ಲದಕ್ಕೂ "ಉಷ್ಣ" ಅನ್ನುತ್ತಾರೆ. ತಿಳಿದವರು ಬಿಡಿಸಿ ಹೇಳಿ.

ಬೇಲೂರು ರೋಡು:

ಒಂದೇ ಲೋಟ ಕಾಫಿನಾ? ಹಿಂದಿನ ರಾತ್ರಿದು ಲೆಕ್ಕಕ್ಕೆ ಇಲ್ವಾ ಯಜಮಾನ್ರೇ?

ಮೂರೆಕರೆ ಕಾಫಿ:

ಕುಯ್ಲು ಮುಗಿಯುವವರೆಗೆ ಅದೆಲ್ಲ ಬಂದ್. ಆಳುಗಳಿಗಿಂತ ಮೊದಲು ಏಳಬೇಕು ಕಣ್ರೀ.

ಎರಡನೇ ಪಾಳಿ (ಹಾಸನ):

ನಾನು ಹಾಸನದಲ್ಲಿ ಡಯಾಲಿಸಿಸ್ ಟೆಕ್ನಿಷಿಯನ್. ಕಿಡ್ನಿ ಸೋತವರ ರಕ್ತವನ್ನು ಮಿಷನ್ನಿನಲ್ಲಿ ಸೋಸುವುದು, ಹನ್ನೊಂದು ವರ್ಷದಿಂದ ಇದೇ ಕೆಲಸ. ಒಂದಕ್ಕೆ ಹೋಗುವ ವಿಷಯದಲ್ಲಿ ನಾಚಿಕೆ ಪಡಬೇಡಿ ಸಾರ್. ನಮ್ಮಲ್ಲಿಗೆ ಬರುವವರು ಅದಕ್ಕಾಗಿ ಏನು ಬೇಕಾದರೂ ಕೊಡುತ್ತಾರೆ.

ಮೊದಲು ಚಳಿಯ ಲೆಕ್ಕ. ಚರ್ಮಕ್ಕೆ ತಣ್ಣನೆ ಗಾಳಿ ತಾಗಿದ ಕೂಡಲೇ ಕೈಕಾಲಿನ, ಚರ್ಮದ ಸಣ್ಣ ರಕ್ತನಾಳಗಳು ಬಿಗಿಯಾಗುತ್ತವೆ. ಬಿಸಿ ರಕ್ತ ಮೇಲೆ ಬಂದರೆ ಶಾಖ ಗಾಳಿಗೆ ಹೋಗುತ್ತದೆ, ಅದಕ್ಕೆ ಬಾಗಿಲು ಹಾಕಿಕೊಳ್ಳುತ್ತವೆ. ನಿಮ್ಮ ಬೆರಳ ತುದಿ ಬೆಳ್ಳಗಾಗುವುದು ಅದರಿಂದಲೇ. ಆ ರಕ್ತ ಎಲ್ಲಿಗೆ ಹೋಗಬೇಕು? ಎದೆ, ಹೊಟ್ಟೆಯ ಕಡೆಗೆ. ಹೃದಯದ ಮೇಲಿನ ಕೋಣೆಗಳು ಮಾಮೂಲಿಗಿಂತ ಹಿಗ್ಗುತ್ತವೆ. ಮೆದುಳಿಗೆ ಹೋಗುವ ಸುದ್ದಿ ಏನೆಂದರೆ "ನೀರು ಜಾಸ್ತಿ ಆಗಿದೆ". ನಿಜವಾಗಿ ನೀರು ಜಾಸ್ತಿ ಆಗಿಲ್ಲ, ಜಾಗ ಕಡಿಮೆ ಆಗಿದೆ ಅಷ್ಟೆ. ಆದರೆ ಸುದ್ದಿ ಹಾಗೇ ಹೋಗುತ್ತದೆ. ಮೆದುಳಿನ ಬುಡದಲ್ಲಿ ಬಟಾಣಿ ಗಾತ್ರದ ಪಿಟ್ಯುಟರಿ ಗ್ರಂಥಿ ಇದೆ. ಅದು ವ್ಯಾಸೊಪ್ರೆಸಿನ್ ಎಂಬ ಹಾರ್ಮೋನು ಬಿಡುತ್ತಿರುತ್ತದೆ. ಕಿಡ್ನಿಗೆ "ನೀರು ಹಿಡಿದಿಡು" ಎಂದು ಹೇಳುವುದು ಅದೇ. ಈಗ ಅದು ಕಡಿಮೆ ಆಗುತ್ತದೆ, ಕಿಡ್ನಿ ಕೈ ಸಡಿಲ ಬಿಡುತ್ತದೆ, ನೀವು ಸಿಲ್ವರ್ ಮರದ ಹಿಂದೆ. (ಬೇಲೂರು ರೋಡಿನವರು ಹೇಳಿದ ವಸ್ತು, ಅಂದರೆ ಮದ್ಯ, ಅದೂ ಇದೇ ಹಾರ್ಮೋನನ್ನೇ ತಡೆಯುವುದು. ತಮಾಷೆಗೆ ಹೇಳಿದರೂ ಮಾತು ಸರಿಯೇ.)

ಅರಸೀಕೆರೆಯಲ್ಲಿ ಇದರ ತಿರುವುಮುರುವು. ಬೆವರಿನಲ್ಲಿ ನೀರು ಹೋಯಿತು, ರಕ್ತ ಸ್ವಲ್ಪ ಗಟ್ಟಿಯಾಯಿತು. ರಕ್ತದ ಸೋಡಿಯಂ 135 ರಿಂದ 145ರ ಒಳಗೇ ಇರಬೇಕು, ಲೀಟರಿಗೆ ಮಿಲಿ ಈಕ್ವಿವಲೆಂಟ್ ಲೆಕ್ಕದಲ್ಲಿ. ರಕ್ತ ನೂರಕ್ಕೆ ಒಂದೆರಡು ಪಾಲು ಗಟ್ಟಿಯಾದರೆ ಸಾಕು, ಬಾಯಾರಿಕೆ ಶುರು, ವ್ಯಾಸೊಪ್ರೆಸಿನ್ ಜೋರು. ಕಿಡ್ನಿ ಹನಿಹನಿ ವಾಪಸ್ ಎಳೆದುಕೊಳ್ಳುತ್ತದೆ. ಅರಿಸಿನದ ಬಣ್ಣ ಬಂದಿದ್ದು ಹಾಗೆ. ಕಸ ಅಷ್ಟೇ ಇದೆ, ತೊಳೆಯುವ ನೀರು ಕಡಿಮೆ. ಆದರೂ ಪೂರ್ತಿ ನಿಲ್ಲಿಸಲು ಆಗದು. ದಿನಕ್ಕೆ ಅರ್ಧ ಲೀಟರ್ ಆದರೂ ಹೋಗಲೇಬೇಕು, ಇಲ್ಲದಿದ್ದರೆ ಕಸ ಒಳಗೇ ಉಳಿಯುತ್ತದೆ.

ಎರಡೂ ಕಿಡ್ನಿ ಸೇರಿ ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತವೆ. ಅದರಲ್ಲಿ ಹೊರಗೆ ಬರುವುದು ಒಂದೂವರೆ ಲೀಟರ್ ಆಸುಪಾಸು. ಉಳಿದದ್ದೆಲ್ಲ ವಾಪಸ್. ನಾವು ಕಿಡ್ನಿ ಹೊರಗೆ ಹಾಕುವ ಯಂತ್ರ ಅಂದುಕೊಂಡಿರುತ್ತೇವೆ. ಅದರ ಹೆಚ್ಚಿನ ಕೆಲಸ ವಾಪಸ್ ತೆಗೆದುಕೊಳ್ಳುವುದು.

ನಮ್ಮ ಯೂನಿಟ್ಟಿನಲ್ಲಿ ಒಬ್ಬರು ಯಜಮಾನರು ಇದ್ದರು. ಅವರದೂ ತೆಂಗಿನ ಸೀಮೆ. ವಾರಕ್ಕೆ ಮೂರು ದಿನ, ನಾಲ್ಕು ನಾಲ್ಕು ಗಂಟೆ. ಬಂದ ಕೂಡಲೇ ಚಪ್ಪಲಿ ಬಿಟ್ಟು ತೂಕದ ಮಿಷನ್ ಹತ್ತುತ್ತಿದ್ದರು, ನಾವು ಹೇಳುವ ಮೊದಲೇ. ಹೋದ ಸಲ ಬಿಟ್ಟು ಹೋದ ತೂಕಕ್ಕಿಂತ ಮೂರು ಕೆ.ಜಿ. ಜಾಸ್ತಿ ಇದ್ದರೆ ಮೂರು ಲೀಟರ್ ನೀರು ಒಳಗೆ ನಿಂತಿದೆ ಎಂದು ಅರ್ಥ. ಭಾನುವಾರ ರಜೆ, ಹಾಗಾಗಿ ಸೋಮವಾರ ಯಾವಾಗಲೂ ಜಾಸ್ತಿ. ತಲೆ ತಗ್ಗಿಸಿ "ಮೊಮ್ಮಗಳ ನಾಮಕರಣ ಇತ್ತು, ಎರಡು ಲೋಟ ಪಾನಕ ಕುಡಿದುಬಿಟ್ಟೆ" ಅನ್ನುತ್ತಿದ್ದರು. ಎಪ್ಪತ್ತು ವರ್ಷದ ಮನುಷ್ಯ, ಹೋಂವರ್ಕ್ ಮಾಡದ ಹುಡುಗನ ಹಾಗೆ.

ಇನ್ನೂರು ಮರ ಇದ್ದರೂ ಅವರು ಎಳನೀರು ಮುಟ್ಟುವ ಹಾಗಿರಲಿಲ್ಲ. ಎಳನೀರಲ್ಲಿ ಪೊಟ್ಯಾಸಿಯಂ ಜಾಸ್ತಿ. ನಿಮ್ಮ ಕಿಡ್ನಿ ಚೆನ್ನಾಗಿದ್ದರೆ ಎರಡು ಕಾಯಿ ಕುಡಿದರೂ ಹೆಚ್ಚಾದದ್ದನ್ನು ಕೆಲವೇ ಗಂಟೆಯಲ್ಲಿ ಹೊರಗೆ ಹಾಕುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ. ರಕ್ತದಲ್ಲಿ ಅದು 3.5 ರಿಂದ 5ರ ಒಳಗೆ ಇರಬೇಕು. ಆರೂವರೆ ದಾಟಿದರೆ ಹೃದಯದ ತಾಳವೇ ತಪ್ಪಬಹುದು. ಅವರಿಗೆ ಆ ಲೆಕ್ಕ ನೋಡಿಕೊಳ್ಳಲು ವಾರಕ್ಕೆ ಹನ್ನೆರಡು ಗಂಟೆ ನಮ್ಮ ಮಿಷನ್ ಇತ್ತು. ನಿಮಗೆ ವಾರದ 168 ಗಂಟೆಯೂ ಎರಡು ಕಿಡ್ನಿ ಇವೆ, ಒಂದೊಂದು ಮುಷ್ಟಿ ಗಾತ್ರದವು.

ಮನೆಯವರು ಸಕ್ಕರೆ ಟೆಸ್ಟ್ ಮಾಡಿಸಿದ್ದು ಒಳ್ಳೆಯದೇ ಆಯಿತು. ರಕ್ತದ ಸಕ್ಕರೆ ಸುಮಾರು 180 ದಾಟಿದರೆ ಕಿಡ್ನಿಗೆ ಅಷ್ಟನ್ನೂ ವಾಪಸ್ ಎಳೆಯಲು ಆಗುವುದಿಲ್ಲ. ಸಕ್ಕರೆ ಹೊರಗೆ ಹೋಗುವಾಗ ನೀರನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತದೆ. ಆದರೆ ಅದಕ್ಕೆ ಚಳಿ, ಬಿಸಿಲು ಎಂಬ ಭೇದ ಇಲ್ಲ. ನಿಮ್ಮದು ಚಳಿಗೆ ಮಾತ್ರ ಬರುತ್ತದೆ.

ಅಮ್ಮನ "ಉಷ್ಣ"ವನ್ನು ತೀರಾ ತಳ್ಳಿಹಾಕಬೇಡಿ. ಅವರ ಉಷ್ಣ ಥರ್ಮಾಮೀಟರಿನಲ್ಲಿ ಬರುವುದಲ್ಲ. ಬಣ್ಣ ಗಟ್ಟಿ, ಉರಿ, ಬಾಯಿ ಒಣಗುವುದು ಇದಕ್ಕೆಲ್ಲ ನಮ್ಮ ಕಡೆ ಉಷ್ಣ ಅನ್ನುತ್ತಾರೆ. ಬಹಳ ಸಲ ಅದು ನೀರು ಕಡಿಮೆ ಆಗಿದ್ದೇ. ಅವರು ಕೊಡುವುದು ಉಪ್ಪು ಹಾಕಿದ ಮಜ್ಜಿಗೆ. ನಾನೂ ಅದನ್ನೇ ಕೊಡುತ್ತಿದ್ದೆ. ಉರಿ ಎರಡು ದಿನ ಬಿಡದಿದ್ದರೆ ಮಾತ್ರ ಸೋಂಕು ಇರಬಹುದು, ಡಾಕ್ಟರಿಗೆ ತೋರಿಸಿ.

ಜ್ವರದ ವಿಷಯ ನನಗಿಂತ ಚೆನ್ನಾಗಿ ಹೇಳುವವರು ಇಲ್ಲಿದ್ದಾರೆ. ಪಾಳಿಗೆ ಹೊತ್ತಾಯಿತು.

ಕಪ್ಪು ಹಲಗೆ (ಚಿಕ್ಕಮಗಳೂರು):

ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಈ ಪಾಠಕ್ಕೆ ಪ್ರತಿ ವರ್ಷ ಗೀಸರ್ ಉದಾಹರಣೆ ಕೊಡುತ್ತಿದ್ದೆ. ಹೋದ ವರ್ಷ ಬಿಟ್ಟೆ. ಹಂಡೆಯಲ್ಲಿ ನೀರು ಕಾಯಿಸುವ ಮನೆಯಿಂದ ಬಂದ ಹುಡುಗಿಯೊಬ್ಬಳು "ಸಾರ್, ನೀರಿನ ಟ್ಯಾಂಕಿನ ಚೆಂಡಿನ ಹಾಗಾ?" ಎಂದು ಕೇಳಿದಳು. ಅದೇ ಉತ್ತಮ.

ಟ್ಯಾಂಕಿನೊಳಗೆ ಬಾಲ್ ವಾಲ್ವ್ ನೋಡಿರುತ್ತೀರಿ. ನೀರು ಇಳಿದರೆ ಚೆಂಡು ಇಳಿಯುತ್ತದೆ, ವಾಲ್ವ್ ತೆರೆಯುತ್ತದೆ. ನೀರು ಏರಿದರೆ ಚೆಂಡು ಏರಿ ವಾಲ್ವ್ ಮುಚ್ಚುತ್ತದೆ. ಮೈಯ ಬಿಸಿಗೆ ಆ ಚೆಂಡು ಇರುವುದು ಮೆದುಳಿನ ಹೈಪೊಥಾಲಮಸ್‌ನಲ್ಲಿ. ಸುಮಾರು 37 ಡಿಗ್ರಿ ಸೆಲ್ಸಿಯಸ್‌ಗೆ, ಅಂದರೆ ನಿಮ್ಮ ಥರ್ಮಾಮೀಟರಿನ 98.6ಕ್ಕೆ ಕಟ್ಟಿದೆ. ಕೆಳಗಿಳಿದರೆ ನಡುಕ, ಮೇಲೇರಿದರೆ ಬೆವರು. ಅದೂ ಕಲ್ಲಿನಲ್ಲಿ ಕೆತ್ತಿದ 37 ಅಲ್ಲ. ನಸುಕಿನಲ್ಲಿ ಅರ್ಧ ಡಿಗ್ರಿ ಕೆಳಗೆ, ಸಂಜೆ ಅರ್ಧ ಡಿಗ್ರಿ ಮೇಲೆ. ನಿಮ್ಮ 97.4 ಬೆಳಗಿನದು, 98.6 ಮಧ್ಯಾಹ್ನದ್ದು. ಅರಸೀಕೆರೆಗೆ ಹೋಗದಿದ್ದರೂ ಅಷ್ಟು ವ್ಯತ್ಯಾಸ ಬರುತ್ತಿತ್ತು.

ಈಗ ಜ್ವರ. ಪ್ಲಂಬರ್ ಬಂದು ಚೆಂಡಿನ ಕಡ್ಡಿಯನ್ನು ಮೇಲಕ್ಕೆ ಬಗ್ಗಿಸಿದ ಅಂದುಕೊಳ್ಳಿ. ನೀರು ಮೊದಲಿನಷ್ಟೇ ಇದೆ. ಆದರೆ ಈಗ ಚೆಂಡಿನ ಲೆಕ್ಕದಲ್ಲಿ ಟ್ಯಾಂಕು ಖಾಲಿ. ವಾಲ್ವ್ ಪೂರ್ತಿ ತೆರೆದು ನೀರು ಸುರಿಯುತ್ತದೆ. ಜ್ವರದಲ್ಲಿ ಆಗುವುದೂ ಇದೇ. ಸೋಂಕು ತಾಗಿದಾಗ ರಕ್ತದ ಕಾವಲು ಕಣಗಳು ಬಿಡುವ ರಾಸಾಯನಿಕಗಳಿಂದ ಮೆದುಳಿನಲ್ಲಿ ಪ್ರೋಸ್ಟಾಗ್ಲಾಂಡಿನ್ ಎಂಬ ವಸ್ತು ತಯಾರಾಗುತ್ತದೆ. ಕಡ್ಡಿ ಬಗ್ಗಿಸುವ ಪ್ಲಂಬರ್ ಅದೇ. ಗುರಿ 102ಕ್ಕೆ ಹೋಯಿತು, ಮೈ ಇನ್ನೂ 99ರಲ್ಲಿದೆ. ಮೂರು ಡಿಗ್ರಿ ಕಡಿಮೆ! ಹಾಗಾಗಿ ಚಳಿ, ನಡುಕ, ರಗ್ಗು. ಮೈಯ ಮಟ್ಟಿಗೆ ಆ ಚಳಿ ಸುಳ್ಳಲ್ಲ.

ಪ್ಯಾರಾಸಿಟಮಾಲ್ ಆ ವಸ್ತು ತಯಾರಾಗುವುದನ್ನು ತಡೆಯುತ್ತದೆ. ಕಡ್ಡಿ ನೆಟ್ಟಗಾಗುತ್ತದೆ, ಆಗ ಟ್ಯಾಂಕಿನಲ್ಲಿ ನೀರು ಜಾಸ್ತಿ ಅನ್ನಿಸುತ್ತದೆ. ಬನಿಯನ್ ತೊಯ್ದು ಹೋಗುವಷ್ಟು ಬೆವರು. "ಜ್ವರ ಬಿಟ್ಟಿತು" ಎಂದು ನಾವು ಹೇಳುವ ಹೊತ್ತು ಅದು.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಬಿಸಿಲು ಬಡಿದು ಮೈ 104 ದಾಟಿ, ಮಾತು ತೊದಲಿದರೆ ಅದು ಜ್ವರ ಅಲ್ಲ. ಅಲ್ಲಿ ಕಡ್ಡಿ ಸರಿಯಾಗೇ ಇದೆ, ನೀರು ಹೊರಗೆ ಹೋಗುವ ದಾರಿ ಸೋತಿದೆ. ಮಾತ್ರೆ ಕೆಲಸ ಮಾಡುವುದಿಲ್ಲ. ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಹಾಕಿ ಗಾಳಿ ಬೀಸುತ್ತಲೇ ಆಸ್ಪತ್ರೆಗೆ ಓಡಬೇಕು.

ಈ ಇಡೀ ಏರ್ಪಾಟಿಗೆ ಹೋಮಿಯೊಸ್ಟಾಸಿಸ್ ಎಂದು 1926ರಲ್ಲಿ ಹೆಸರಿಟ್ಟವರು ಅಮೆರಿಕದ ವಾಲ್ಟರ್ ಕ್ಯಾನನ್. ಅದಕ್ಕೂ ಮೊದಲೇ ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ ಮೈಯೊಳಗೆ ಒಂದು ಬೇರೆ ಪರಿಸರ ಇದೆ, ಜೀವಕೋಶಗಳು ಬದುಕುವುದು ಅದರಲ್ಲಿ, ಹೊರಗಿನ ಗಾಳಿಯಲ್ಲಿ ಅಲ್ಲ ಎಂದಿದ್ದರು. ಹೆಸರು ನೆನಪಿರದಿದ್ದರೂ ಪರವಾಗಿಲ್ಲ, ಪರೀಕ್ಷೆಗೆ ಮಾತ್ರ ಬೇಕು.

ಇದೆಲ್ಲ ಪುಕ್ಕಟೆಯಲ್ಲ. ನಿಮ್ಮ ಕಣದ ಕಟ್ಟೆಯ ಮೇಲೆ ಬೆಳಿಗ್ಗೆ ಓತಿಕ್ಯಾತ ಬಿಸಿಲು ಕಾಯಿಸುತ್ತಾ ಕೂತಿರುತ್ತದೆ ಅಲ್ವಾ? ಅದಕ್ಕೆ ಬಿಸಿ ಬೇಕೆಂದರೆ ಸೂರ್ಯ ಬರಬೇಕು. ಅಲ್ಲಿಯವರೆಗೆ ಓಡಲೂ ಆಗುವುದಿಲ್ಲ. ಅದಕ್ಕೇ ತುಂಬಾ ಕಡಿಮೆ ತಿಂದು ಬದುಕುತ್ತದೆ. ನೀವು ಏಳು ಗಂಟೆಗೇ ತೋಟಕ್ಕೆ ಇಳಿಯುತ್ತೀರಿ. ತಿಂದ ಅಕ್ಕಿ ರೊಟ್ಟಿಯ ದೊಡ್ಡ ಪಾಲು ಸುಮ್ನೆ ಮೈ ಬಿಸಿ ಇಡಲಿಕ್ಕೇ ಉರಿದು ಹೋಗುತ್ತದೆ.

ಚಾರ್ಮಾಡಿ ಡ್ರೈವರ್:

ನನ್ನದೂ ಒಂದು. ಲಾರಿಯಲ್ಲಿ ವಾರಕ್ಕೆ ಎರಡು ಸಲ ಚಾರ್ಮಾಡಿ ಇಳಿದು ಮಂಗಳೂರಿಗೆ ಹೋಗುತ್ತೇನೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನುವಾಗ ಸ್ವೆಟರ್. ಉಜಿರೆ ದಾಟುವಾಗ ಸ್ವೆಟರ್ ಸೀಟಿನ ಹಿಂದೆ. ಮಂಗಳೂರಲ್ಲಿ ಲೋಡ್ ಇಳಿಸುವಾಗ ಬನಿಯನ್ ಹಿಂಡಿದರೆ ನೀರು. ಅಲ್ಲಿ 33 ಡಿಗ್ರಿ ಅಷ್ಟೇ. ಅರಸೀಕೆರೆ ಕಡೆ 38ರಲ್ಲಿ ಲೋಡ್ ಮಾಡಿದರೂ ಇಷ್ಟು ಹಿಂಸೆ ಇಲ್ಲ ಮಾರಾಯ್ರೆ. ಬೆವರು ಬಂದರೆ ತಂಪಾಗಬೇಕಲ್ಲ?

ಕಪ್ಪು ಹಲಗೆ:

ಬೆವರು ಬಂದರೆ ಸಾಲದು, ಆರಬೇಕು. ತಂಪು ಇರುವುದು ಆರುವುದರಲ್ಲಿ. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 580 ಕಿಲೊಕ್ಯಾಲೊರಿ ಶಾಖ ಹೊತ್ತುಕೊಂಡು ಹೋಗುತ್ತದೆ. ಮಂಗಳೂರಿನ ಗಾಳಿ ಮೊದಲೇ ನೀರು ಕುಡಿದು ಕೂತಿದೆ, ನಿಮ್ಮ ಬೆವರಿಗೆ ಜಾಗ ಇಲ್ಲ. ಅದು ಬನಿಯನ್ನಿಗೆ ಹೋಗುತ್ತದೆ. ನೀರೂ ಹೋಯಿತು, ತಂಪೂ ಸಿಗಲಿಲ್ಲ. ಅರಸೀಕೆರೆಯ ಒಣ ಗಾಳಿಯಲ್ಲಿ ನಿಮಗೆ ಬೆವರಿದ್ದೇ ಗೊತ್ತಾಗದೆ ಆರಿ ಹೋಗಿರುತ್ತದೆ. ಹೊರಗೆ ಮೈಗಿಂತ ಬಿಸಿ ಇದ್ದಾಗ ಉಳಿದಿರುವುದು ಆ ಒಂದೇ ದಾರಿ.

1774ರಲ್ಲಿ ಲಂಡನ್ನಿನಲ್ಲಿ ಚಾರ್ಲ್ಸ್ ಬ್ಲ್ಯಾಗ್ಡೆನ್ ಮತ್ತು ಗೆಳೆಯರು ನೀರು ಕುದಿಯುವುದಕ್ಕಿಂತ ಹೆಚ್ಚು ಬಿಸಿ ಮಾಡಿದ ಕೋಣೆಯೊಳಗೆ ಹೋಗಿ ನಿಂತಿದ್ದರು. ಜೊತೆಗೆ ಇಟ್ಟಿದ್ದ ಮಾಂಸದ ತುಂಡು ಬೆಂದು ಹೋಯಿತು. ಇವರು ನೆಟ್ಟಗೆ ನಡೆದುಕೊಂಡು ಹೊರಗೆ ಬಂದರು. ಗಾಳಿ ಒಣಗಿತ್ತು, ಬೆವರು ಆರುತ್ತಿತ್ತು. ಮನೆಯಲ್ಲಿ ಪ್ರಯತ್ನಿಸಬೇಡಿ ಎಂದು ಬೇರೆ ಹೇಳಬೇಕಿಲ್ಲ ತಾನೆ.

ಮೂರೆಕರೆ ಕಾಫಿ:

ಎಲ್ಲರಿಗೂ ದೊಡ್ಡ ನಮಸ್ಕಾರ. ಪ್ಲಂಬರ್ ಕಥೆ ಅಮ್ಮನಿಗೆ ಓದಿ ಹೇಳಿದೆ. "ನಾನು ಹೇಳಿದ್ದೂ ಅದೇ" ಅಂದರು.

ಎರಡನೇ ಪಾಳಿಯವರಿಗೆ ಇನ್ನೊಂದು ಪ್ರಶ್ನೆ. ಅಕ್ಕನ ತೋಟದಲ್ಲಿ ಸಂಜೆ ನನ್ನ ನೀಲಿ ಶರ್ಟಿನ ಬೆನ್ನ ಮೇಲೆ ಬಿಳಿ ಬಿಳಿ ಗೆರೆ, ಭೂಪಟದ ಹಾಗೆ. ಭಾವನ ಶರ್ಟೂ ಅಷ್ಟೇ ಒದ್ದೆಯಾಗಿತ್ತು. ಒಂದು ಗೆರೆ ಇಲ್ಲ. ಅವರು ನನಗಿಂತ ಉಪ್ಪು ಜಾಸ್ತಿಯೇ ತಿನ್ನುತ್ತಾರೆ, ಮುದ್ದೆಗೆ ಉಪ್ಪಿನಕಾಯಿ ಇಲ್ಲದೆ ಕೂರುವುದಿಲ್ಲ.

ಎರಡನೇ ಪಾಳಿ:

ನಿಮ್ಮ ಭಾವ ಬಿಸಿಲಿಗೆ ಪಳಗಿದ್ದಾರೆ. ಬಿಸಿಯಲ್ಲಿ ದಿನಾ ದುಡಿದರೆ ಒಂದೆರಡು ವಾರದಲ್ಲಿ ಬೆವರಿನ ಗ್ರಂಥಿ ಉಪ್ಪನ್ನು ವಾಪಸ್ ಎಳೆಯುವುದನ್ನು ಕಲಿಯುತ್ತದೆ. ಆಲ್ಡೊಸ್ಟೆರೋನ್ ಎಂಬ ಹಾರ್ಮೋನಿನ ಕೆಲಸ. ಕಿಡ್ನಿಯಲ್ಲೂ ಅದು ಮಾಡುವುದು ಇದನ್ನೇ. ಬೆವರು ಬೇಗ ಶುರುವಾಗುತ್ತದೆ, ಜಾಸ್ತಿ ಬರುತ್ತದೆ, ಆದರೆ ಸಪ್ಪೆ. ನೀವು ಮಲೆನಾಡಿನಿಂದ ನೇರ ಹೋಗಿ ಮೊದಲ ದಿನವೇ ಕಾಯಿ ಹೆಕ್ಕಿದಿರಿ, ಉಪ್ಪೆಲ್ಲ ಶರ್ಟಿಗೆ.

ಅಂಥ ದಿನ ಬರೀ ನೀರು ಚೊಂಬುಗಟ್ಟಲೆ ಸುರಿದುಕೊಳ್ಳಬೇಡಿ. ಉಪ್ಪು ಹೋಗಿ ನೀರು ಮಾತ್ರ ಬಂದರೆ ಸೋಡಿಯಂ ತೆಳುವಾಗಿ ತಲೆನೋವು, ವಾಂತಿ ಬರುತ್ತದೆ. ಮಜ್ಜಿಗೆ ಕುಡಿದಿದ್ದು ಸರಿಯಾಯಿತು. ಅದೂ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ತಲೆ ಸವರಿ ಅಳೆದು. ಸಕ್ಕರೆ ರುಚಿಗೆ ಅಲ್ಲ, ಕರುಳಿನಲ್ಲಿ ಉಪ್ಪನ್ನು ಒಳಗೆ ಎಳೆದುಕೊಂಡು ಹೋಗುವುದು ಅದೇ.

ಚಳಿಗೂ ಒಂದು ಮಾತು. ಬೆಳಿಗ್ಗೆ ಅಷ್ಟು ನೀರು ಹೊರಗೆ ಹಾಕಿರುತ್ತೀರಿ. ಹನ್ನೊಂದಕ್ಕೆ ಬಿಸಿಲೇರಿದಾಗ ಚರ್ಮದ ನಾಳ ಮತ್ತೆ ತೆರೆಯುತ್ತದೆ, ಆಗ ಜಾಗ ಜಾಸ್ತಿ, ನೀರು ಕಡಿಮೆ. ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದೂ ಕಡಿಮೆ. ಬಾಯಾರದಿದ್ದರೂ ಒಂದು ಲೋಟ ಬೆಚ್ಚಗಿನ ನೀರು ಕುಡಿಯಿರಿ.

ಮೂರೆಕರೆ ಕಾಫಿ:

ಅಳೆದು ನೋಡಿದೆ. ನಗಬೇಡಿ.

ಮೊನ್ನೆ ಮಾಮೂಲಿ ಶರ್ಟು, ಬರಿಗಾಲಿಗೆ ಚಪ್ಪಲಿ. ಏಳರಿಂದ ಹತ್ತರವರೆಗೆ ಲೀಟರ್ ಬಾಟಲಿ ಮುಕ್ಕಾಲು ತುಂಬಿತು. ನಿನ್ನೆ ಸ್ವೆಟರ್, ತಲೆಗೆ ಮಫ್ಲರ್, ಕಾಲಿಗೆ ಸಾಕ್ಸು, ಗಮ್ ಬೂಟು. ಅದೇ ಒಂದು ಲೋಟ ಕಾಫಿ, ಅದೇ ಮೂರು ಗಂಟೆ. ಬಾಟಲಿ ಅರ್ಧಕ್ಕೂ ಬರಲಿಲ್ಲ. ಎರಡೇ ಸಲ ಹೋಗಿದ್ದು.

ಕಪ್ಪು ಹಲಗೆ:

ಎರಡು ದಿನದ ಲೆಕ್ಕ ಸಾಲದು. ಹಿಂದಿನ ರಾತ್ರಿ ಎರಡೂ ದಿನ ಒಂದೇ ಊಟ ಮಾಡಿದ್ದಿರಾ? ಸಾರು ಎಷ್ಟು? ಆದರೂ ನನ್ನ ವಿದ್ಯಾರ್ಥಿಯಾಗಿದ್ದರೆ ಪ್ರಾಕ್ಟಿಕಲ್‌ಗೆ ಪೂರ್ತಿ ಅಂಕ ಕೊಡುತ್ತಿದ್ದೆ.

ಮೂರೆಕರೆ ಕಾಫಿ:

ಮೊದಲ ದಿನ ಹುರುಳಿಕಾಳಿನ ಕಟ್ಟು ಸಾರು, ಎರಡು ಸಲ ಹಾಕಿಸಿಕೊಂಡಿದ್ದೆ. ಎರಡನೇ ದಿನ ಕಡುಬು, ಚಟ್ನಿ. ನಿಮ್ಮ ಮಾತಿನಲ್ಲೂ ಹುರುಳಿದೆ ಸಾರ್. ಇನ್ನೆರಡು ದಿನ ಒಂದೇ ಊಟ ಮಾಡಿ ಅಳೆದು ಬರೆಯುತ್ತೇನೆ. ಆದರೆ ಮನೆಯವಳು ಈಗ ಒಳಗಿನಿಂದ ಕೂಗುತ್ತಿದ್ದಾಳೆ. ಜೇನುತುಪ್ಪ ತುಂಬಿಡಲು ಎತ್ತಿಟ್ಟಿದ್ದ ಲೀಟರ್ ಬಾಟಲಿ ಕಾಣುತ್ತಿಲ್ಲವಂತೆ.